ತೆರೆಯ ಹಿಂದಿನ ಪೆಟ್ಟಿಗೆ

(ಶಿರಸಿಯ ಹುಲೇಕಲ್ ರಸ್ತೆಯಲ್ಲಿ ಗೆಳೆಯರೊಬ್ಬರ ಮನೆಯ ಮಾಳಿಗೆಯಲ್ಲಿ, ಸಂಗೀತ ಕೇಳುವ ಸುಮಾರು 30 ಮಂದಿಯ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಹಿಂದೆ ಹಗ್ಗಕ್ಕೆ ಪಾಣಿಪಂಚೆ, ಅದೇ ತೆಳು ಹತ್ತಿಯ ಪಂಚೆ, ಕಟ್ಟಿದ್ದು ನೋಡಿ, ಮೆಟ್ಟಿಲು ಹತ್ತುತ್ತಲೇ ಇಬ್ಬರು ಕೇಳಿದರು, ಇವತ್ತು ಯಕ್ಷಗಾನ ಇದೆಯಾ ಅಂತ. ಹೆಚ್ಚುಕಡಿಮೆ ಅದೇ. ಒಡ್ಡೋಲಗದಲ್ಲಿ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರಲ್ಲ, ಆಗ ವೇಷ ಪೂರ್ತಿ ಕಾಣುವುದಿಲ್ಲ, ಗೆಜ್ಜೆ ಕೇಳುತ್ತದೆ. ಆಟ ನೋಡಿ ಪಳಗಿದವರು ಹೆಜ್ಜೆಯ ಸದ್ದಿನಲ್ಲೇ ಇಂಥವರು ಅಂತ ಗುರುತು ಹಿಡಿಯುತ್ತಾರೆ. ಈ ತೆರೆಯ ಹಿಂದೆ ಮೂರು ಸ್ಪೀಕರ್ ಪೆಟ್ಟಿಗೆಗಳಿವೆ. ಯಾವುದು ಎಲ್ಲಿದೆ ಅಂತ ನನಗೂ ಗೊತ್ತಿಲ್ಲ. ಈ ಮನೆಯ ಮಗಳು ಜೋಡಿಸಿ, ಗುಟ್ಟು ತನ್ನಲ್ಲೇ ಇಟ್ಟುಕೊಂಡಿದ್ದಾಳೆ. ಮಾತು ಮುಗಿದ ಮೇಲೆ ಕೇಳೋಣ.

ನಾನು 31 ವರ್ಷ ಶಿರಸಿ ಪೇಟೆಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡಿದವನು. ಮದುವೆ ಮನೆಯ ಮೈಕ್ ಸೆಟ್ಟಿನಿಂದ ಹಿಡಿದು ದೊಡ್ಡವರ ಮನೆಯ ವಿದೇಶಿ ಸ್ಪೀಕರ್ ತನಕ ಬಿಚ್ಚಿ ನೋಡಿದ್ದೇನೆ. ವಾಯ್ಸ್ ಕಾಯಿಲ್ ಸುತ್ತಿದ್ದೇನೆ, ಹರಿದ ಕೋನ್ ಅಂಟಿಸಿದ್ದೇನೆ. ಈಗ ಅಂಗಡಿ ಇಲ್ಲ. ಆದರೂ ತಿಂಗಳಿಗೆ ಒಬ್ಬಿಬ್ಬರು ಮನೆಗೆ ಬರುತ್ತಾರೆ. "ಎರಡು ಲಕ್ಷ ಹಾಕಬೇಕು ಅಂತಿದ್ದೇನೆ, ಯಾವುದು ತಗೊಳ್ಳಲಿ?" ಅಂತ ಕೇಳುತ್ತಾರೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಈ ಪ್ರಶ್ನೆ ಜಾಸ್ತಿ. ಎರಡು ಲಕ್ಷ ಅಂದರೆ ಒಂದು ತೋಟದ ಇಡೀ ವರ್ಷದ ಬೆವರು. ಅದನ್ನು ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಖರ್ಚು ಮಾಡುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಯಾಕೆ ಅಂದರೆ ನಾನೂ ಹಾಗೇ ಮಾಡಿದವನು.

ಆ ಕಥೆ ಮೊದಲು ಹೇಳಿಬಿಡುತ್ತೇನೆ. 2011ರಲ್ಲಿ, ಮಗಳ ಮದುವೆ ಮುಗಿದ ಮೇಲೆ ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಿತ್ತು. ಬೆಂಗಳೂರಿಗೆ ಹೋಗಿ ಒಂದು ಅಂಗಡಿಯಲ್ಲಿ ಕೂತೆ. ದಪ್ಪ ಕಾರ್ಪೆಟ್, ಗೋಡೆಗೆಲ್ಲ ಮೆತ್ತೆ, ತಣ್ಣನೆ ಎಸಿ. ಎದೆಯೆತ್ತರದ ಜೋಡಿ ಸ್ಪೀಕರ್. ಅವರು ಒಂದು ಇಂಗ್ಲಿಷ್ ಹಾಡು ಹಾಕಿದರು, ಹೆಂಗಸಿನ ಧ್ವನಿ, ಜೊತೆಗೆ ದೊಡ್ಡ ತಂತಿವಾದ್ಯ. ಅಬ್ಬಾ ಅನಿಸಿತು. ಒಂದೂಮುಕ್ಕಾಲು ಲಕ್ಷ ಕೊಟ್ಟು ಬಂದೆ. ಈಗ ಯೋಚಿಸಿದರೆ, ಆ ಹಾಡನ್ನು ನಾನು ಅದಕ್ಕೂ ಮೊದಲು ಕೇಳಿಯೇ ಇರಲಿಲ್ಲ. ಅದು ಹೇಗೆ ಕೇಳಬೇಕು ಅಂತಲೇ ಗೊತ್ತಿಲ್ಲದಿದ್ದರೆ, ತಪ್ಪು ಹಿಡಿಯುವುದು ಹೇಗೆ?

ಮನೆಗೆ ತಂದು ಜೋಡಿಸಿದೆ. ನಮ್ಮ ಹಾಲು 18 ಅಡಿ ಉದ್ದ, 12 ಅಡಿ ಅಗಲ. ಚಿರೇಕಲ್ಲಿನ ಗೋಡೆ, ಅದಕ್ಕೆ ಸಿಮೆಂಟಿನ ಗಿಲಾವು, ಕೆಂಪು ಗಾರೆಯ ನೆಲ, ಮೇಲೆ ಸ್ಲ್ಯಾಬು. ಒಂದು ಖಯಾಲ್ ಹಾಕಿದೆ. ತಬಲಾದ ಡಗ್ಗಾ ನಿಮಗೆಲ್ಲ ಗೊತ್ತು. ಬಾರಿಸಿದ ಮೇಲೆ ಮಣಿಕಟ್ಟು ಒತ್ತಿ ಜಾರಿಸಿದರೆ ಆ ಸ್ವರ ಕೆಳಗಿನಿಂದ ಮೇಲಕ್ಕೆ ಬಾಗುತ್ತದೆ, ಮಾತಾಡಿದ ಹಾಗೆ. ನನ್ನ ಹಾಲಿನಲ್ಲಿ ಅದು ಬಾಗಲಿಲ್ಲ. ದೊಂಯ್, ದೊಂಯ್, ದೊಂಯ್. ಎಲ್ಲಾ ಪೆಟ್ಟೂ ಒಂದೇ ಸ್ವರ. ಅಡುಗೆಮನೆಯಿಂದ ನನ್ನ ಹೆಂಡತಿ ಬಂದು, "ಎಂತದು ಇದು? ಖಾಲಿ ಡ್ರಮ್ಮು ಬಡಿದಂಗೆ ಕೇಳ್ತು" ಅಂದಳು. ಅವಳ ಕಿವಿ ಸರಿಯಾಗಿತ್ತು. ಖರ್ಚು ಮಾಡಿದ ದುಃಖಕ್ಕೆ ನನ್ನ ಕಿವಿ ಒಂದು ವಾರ ಒಪ್ಪಲಿಲ್ಲ.

ಏನಾಗಿತ್ತು ಅಂದರೆ, ಆ ಸ್ವರ ಸ್ಪೀಕರಿನದ್ದಲ್ಲ, ಕೋಣೆಯದ್ದು. ಬಾವಿಗೆ ಬಗ್ಗಿ ಹೂಂ ಅಂತ ರಾಗ ಎಳೆಯಿರಿ. ಯಾವುದೋ ಒಂದು ಸ್ವರಕ್ಕೆ ಬಾವಿಯೇ ಗುಂಯ್ ಅನ್ನುತ್ತದೆ. ನಮ್ಮ ಕೋಣೆಗಳೂ ಹಾಗೇ. ಒಂದು ಸುಲಭದ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. 565ನ್ನು ಕೋಣೆಯ ಉದ್ದದಿಂದ ಭಾಗಿಸಿ, ಉದ್ದ ಅಡಿಯಲ್ಲಿರಲಿ. ಬಂದ ಸಂಖ್ಯೆ ಆ ದಿಕ್ಕಿನಲ್ಲಿ ಕೋಣೆ ಗುಂಯ್‌ಗುಡುವ ಮೊದಲ ಸ್ವರ, ಹರ್ಟ್ಸ್ ಲೆಕ್ಕದಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕದಲ್ಲಿ. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಹೋಗುತ್ತದೆ. ಗೋಡೆಯಿಂದ ಗೋಡೆಗೆ ಅರ್ಧ ಅಲೆ ಸರಿಯಾಗಿ ಹಿಡಿಸಿದರೆ ಅದು ಅಲ್ಲೇ ನಿಂತುಬಿಡುತ್ತದೆ. 1,130ರ ಅರ್ಧವೇ ಈ 565. ಆ ಸ್ವರದ ಎರಡರಷ್ಟು, ಮೂರರಷ್ಟರಲ್ಲೂ ಹಾಗೇ ಆಗುತ್ತದೆ.

ನನ್ನ ಹಾಲಿಗೆ ಹಾಕಿ ನೋಡಿ. 18 ಅಡಿಗೆ 31, ಅದರ ಎರಡರಷ್ಟು 63, ಮೂರರಷ್ಟು 94. ಅಗಲ 12 ಅಡಿಗೆ 47, ಅದರ ಎರಡರಷ್ಟು 94. ಉದ್ದ, ಅಗಲ ಎರಡೂ 94 ಹರ್ಟ್ಸಿನಲ್ಲಿ ಕೈ ಕೈ ಹಿಡಿದುಕೊಂಡಿದ್ದವು! ಡಗ್ಗಾ ಜಾರುತ್ತಾ ಹೋಗುವ ದಾರಿ ಅದೇ ಸುತ್ತಮುತ್ತ. ಜಾರುವ ಸ್ವರದಲ್ಲಿ ಅದೊಂದು ಜಾಗವನ್ನು ಮಾತ್ರ ಕೋಣೆ ಎತ್ತಿ ಹಿಡಿದು ಉಳಿದದ್ದನ್ನು ಮುಳುಗಿಸುತ್ತಿತ್ತು. 12ಕ್ಕೆ 12 ಚೌಕದ ಕೋಣೆ ಇನ್ನೂ ಕಷ್ಟ, ಅಲ್ಲಿ ಎಲ್ಲಾ ಸ್ವರಗಳೂ ಜೋಡಿಯಾಗಿಯೇ ಬರುತ್ತವೆ.

ಇದಕ್ಕೆ ಚಾಪೆ ಹಾಸಿದರೆ ಆಗುತ್ತಾ ಅಂತ ಕೇಳುತ್ತಾರೆ. ಆಗುವುದಿಲ್ಲ. 94 ಹರ್ಟ್ಸಿನ ಅಲೆಯ ಉದ್ದ 12 ಅಡಿ. ಅರ್ಧ ಇಂಚಿನ ಕಂಬಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಚಾಪೆ, ಪರದೆ ಎಲ್ಲ ಕೆಲಸ ಮಾಡುವುದು ಮೇಲಿನ ಸ್ವರಗಳಿಗೆ, ಚಪ್ಪಾಳೆ ತಟ್ಟಿದಾಗ ಬರುವ ಝಿಂಯ್ ಅನ್ನುವ ಸದ್ದಿಗೆ. ಕೆಳಗಿನ ಸ್ವರಕ್ಕೆ ಮದ್ದು ಬೇರೆ. ಜಾಗ ಬದಲಾಯಿಸುವುದು. ನಿಂತ ಅಲೆಗೆ ಜೋರಾಗಿರುವ ಜಾಗವೂ ಇರುತ್ತದೆ, ಸತ್ತ ಜಾಗವೂ ಇರುತ್ತದೆ. ಗೋಡೆಯ ಹತ್ತಿರ ಯಾವಾಗಲೂ ಜೋರು. ನಾವೆಲ್ಲ ಸೋಫಾ ಎಲ್ಲಿ ಹಾಕುತ್ತೇವೆ? ಗೋಡೆಗೆ ತಾಗಿಸಿಯೇ ಅಲ್ವಾ? ನಾನು ಕುರ್ಚಿಯನ್ನು ಹಿಂದಿನ ಗೋಡೆಯಿಂದ 3 ಅಡಿ ಮುಂದೆ ತಂದೆ. 18 ಅಡಿಯಲ್ಲಿ ಆರನೇ ಒಂದು ಭಾಗ, ಉದ್ದದ 94ಕ್ಕೆ ಅದು ಸತ್ತ ಜಾಗ. ಸ್ಪೀಕರುಗಳನ್ನು ಎರಡೂ ಪಕ್ಕದ ಗೋಡೆಯಿಂದ 3-3 ಅಡಿ ಒಳಗೆ ತಂದೆ. 12 ಅಡಿಯಲ್ಲಿ ಕಾಲು ಭಾಗ, ಅಗಲದ 94ಕ್ಕೆ ಅದು ಸತ್ತ ಜಾಗ, ಅಲ್ಲಿ ಸ್ಪೀಕರ್ ನಿಂತರೆ ಆ ಸ್ವರವನ್ನು ಕೆಣಕುವುದಿಲ್ಲ. ಒಂದು ರೂಪಾಯಿ ಖರ್ಚಿಲ್ಲ. ಡಗ್ಗಾ ಬಾಗಿತು! ಆ ದಿನ ರಾತ್ರಿ ಒಂದು ಗಂಟೆ ತನಕ ತಬಲಾ ಕೇಳುತ್ತಾ ಕೂತಿದ್ದೆ.

ನಮ್ಮ ಕಡೆಯ ಹಳೆಯ ಮನೆಗಳು ಈ ವಿಷಯದಲ್ಲಿ ಪುಣ್ಯ ಮಾಡಿವೆ. ಮರದ ಮುಚ್ಚಿಗೆ, ಮೇಲೆ ಹಂಚು, ಜಗಲಿಗೆ ತೆರೆದ ಬಾಗಿಲು. ಕೆಳಗಿನ ಸ್ವರ ಹೊರಗೆ ಸೋರಿ ಹೋಗುತ್ತದೆ, ಹಲಗೆಯಲ್ಲಿ ಸ್ವಲ್ಪ ಅಡಗುತ್ತದೆ. ಈ ಮಾಳಿಗೆಯಲ್ಲಿ ಈಗ ಚಪ್ಪಾಳೆ ತಟ್ಟಿ. ಕೇಳಿದಿರಾ? ಒಣಗಿದ ಸದ್ದು, ಬಾಲ ಇಲ್ಲ. ಹೊಸ ಸ್ಲ್ಯಾಬ್ ಮನೆಯಲ್ಲಿ ತಟ್ಟಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಹಂಚಿನ ಮನೆಯಲ್ಲಿ ಆಷಾಢದಲ್ಲಿ ಸ್ಪೀಕರ್ ಪರೀಕ್ಷೆ ಮಾಡಲಿಕ್ಕೆ ಹೋಗಬೇಡಿ. ಮಳೆಯ ಸದ್ದಿನಲ್ಲಿ ತಂಬೂರಿಯ ನಯ ಎಲ್ಲಿ ಕೇಳಬೇಕು.

ಕೋಣೆಯ ಹುಕುಂ ನಡೆಯುವುದು ಸುಮಾರು 200-300 ಹರ್ಟ್ಸಿನ ತನಕ. ಅದರ ಮೇಲೆ ಸ್ಪೀಕರಿನ ಗುಣವೇ ಮುಖ್ಯ. ಈ ಗೆರೆ ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಅಂಗಡಿಯಲ್ಲಿ ಕೇಳಿದ ಬೇಸ್, ಅಂದರೆ ಆ ಕೆಳಗಿನ ಸ್ವರ, ನಿಮ್ಮ ಮನೆಗೆ ಬರುವುದಿಲ್ಲ, ಅದನ್ನು ಅಲ್ಲೇ ಬಿಟ್ಟು ಬನ್ನಿ. ಅಂಗಡಿಯಲ್ಲಿ ಕೇಳಬೇಕಾದ್ದು ಮಾತು, ತಂತಿ, ಕಂಠ.

ಇನ್ನು ಕಣ್ಣಿನ ವಿಷಯ. ಈ ತೆರೆ ಯಾಕೆ ಕಟ್ಟಿದ್ದು ಅನ್ನುವುದು.

ಕೆನಡಾದ ಒಟ್ಟಾವಾದಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಅಂತ ಇದೆ. ಅಲ್ಲಿ ಫ್ಲಾಯ್ಡ್ ಟೂಲ್ ಎಂಬವರು 1980ರ ದಶಕದಲ್ಲಿ ಸ್ಪೀಕರುಗಳನ್ನು ಪರದೆಯ ಹಿಂದೆ ಇಟ್ಟು ಜನರಿಗೆ ಕೇಳಿಸಿದರು. ರುಚಿ ಒಬ್ಬೊಬ್ಬರದು ಒಂದೊಂದು ಥರ ಅಂತ ನಾವು ಹೇಳುತ್ತೇವಲ್ಲ, ಕಣ್ಣಿಗೆ ಕಾಣದಿದ್ದಾಗ ಅದು ಅಷ್ಟಾಗಿ ನಿಲ್ಲಲಿಲ್ಲ. ಹೆಚ್ಚಿನವರು ಒಂದೇ ಥರದ ಸ್ಪೀಕರನ್ನು ಮೆಚ್ಚಿದರು. ಎದುರಿಗೆ ಅಳೆದಾಗ ಏರುಪೇರು ಕಡಿಮೆ ಇರುವುದು, ಪಕ್ಕಕ್ಕೆ ಸರಿದಂತೆ ಧ್ವನಿ ಒಮ್ಮೆಲೇ ಕೆಡದೆ ನಯವಾಗಿ ಇಳಿಯುವುದು. ಪಕ್ಕದ ಧ್ವನಿ ಯಾಕೆ ಮುಖ್ಯ ಅಂದರೆ, ಅದೇ ಗೋಡೆಗೆ ಬಡಿದು ನಮ್ಮ ಕಿವಿಗೆ ಬರುವುದು. ಈಗ ಸ್ಪೀಕರನ್ನು ಸುತ್ತಲೂ, ಮೇಲೂ ಕೆಳಗೂ ಸೇರಿ 70 ಕಡೆಯಿಂದ ಅಳೆದು ಗ್ರಾಫ್ ಹಾಕುವ ಪದ್ಧತಿ ಬಂದಿದೆ. ಅದು ಆ ಕೆಲಸದಿಂದಲೇ ಬೆಳೆದದ್ದು. ದುಡ್ಡು ಹಾಕುವ ಮೊದಲು ಆ ಗ್ರಾಫ್ ಸಿಗುತ್ತದಾ ನೋಡಿ. ಗೆರೆಗಳು ಒಂದಕ್ಕೊಂದು ಸಮನಾಗಿ, ಬೆಟ್ಟ ಕಣಿವೆ ಇಲ್ಲದೆ ಹೋಗುತ್ತಿದ್ದರೆ ಮುಂದಿನ ಮಾತು.

ಟೂಲ್ ಆಮೇಲೆ ಸ್ಪೀಕರ್ ಮಾಡುವ ಹರ್ಮನ್ ಕಂಪನಿಗೆ ಹೋದರು. ಅಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಶಾನ್ ಆಲಿವ್ 1994ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬರೆದರು. ಕಂಪನಿಯ 40 ಮಂದಿ ನೌಕರರು, ನಾಲ್ಕು ಸ್ಪೀಕರ್. ಒಮ್ಮೆ ಕಾಣುವಂತೆ ಕೇಳಿಸಿದರು, ಒಮ್ಮೆ ಕಾಣದಂತೆ. ಕಂಡಾಗ ದೊಡ್ಡ, ದುಬಾರಿ ಸ್ಪೀಕರುಗಳಿಗೆ ಅಂಕ ಏರಿತು, ಸಣ್ಣ ಪ್ಲಾಸ್ಟಿಕ್ಕಿನದಕ್ಕೆ ಇಳಿಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು. ಸ್ಪೀಕರಿನ ಜಾಗ ಬದಲಾಯಿಸಿದರೆ ಧ್ವನಿ ಬದಲಾಗುತ್ತದೆ, ಈಗಷ್ಟೇ ಹೇಳಿದೆನಲ್ಲ. ಕಾಣದಂತೆ ಕೇಳಿದಾಗ ಜನರ ಅಂಕವೂ ಅದಕ್ಕೆ ತಕ್ಕ ಹಾಗೆ ಬದಲಾಯಿತು. ಕಂಡಾಗ ಅಷ್ಟು ಬದಲಾಗಲಿಲ್ಲ. ಅಂದರೆ ಕಣ್ಣು ಅಂಕವನ್ನು ಏರಿಸಿ ಇಳಿಸಿದ್ದಷ್ಟೇ ಅಲ್ಲ, ನಿಜವಾಗಿ ಆದ ವ್ಯತ್ಯಾಸ ಕೇಳದ ಹಾಗೂ ಮಾಡಿತು.

ಇದನ್ನು ಓದಿದ ಮೇಲೆ ನನ್ನ ಹಾಲಿನಲ್ಲೇ ಮಾಡಿ ನೋಡಿದೆ. ಐದು ಮಂದಿ ಗೆಳೆಯರು. ಮೂರು ಪೆಟ್ಟಿಗೆ: ನನ್ನ ಆ ದುಬಾರಿ ಸ್ಪೀಕರಿನಲ್ಲಿ ಒಂದು, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಒಂದು ಸಣ್ಣ ಇಂಗ್ಲಿಷ್ ಸ್ಪೀಕರ್, ನಾನೇ ಬಿಡಿಭಾಗ ತರಿಸಿ ಮಾಡಿದ ಒಂದು. ಕಣ್ಣಿಗೆ ಕಾಣುವಾಗ ನಾಲ್ವರು ದುಬಾರಿಯದನ್ನೇ ಮೊದಲು ಅಂದರು. ತೆರೆ ಕಟ್ಟಿದ ಮೇಲೆ ಅದೇ ಮಂದಿಯಲ್ಲಿ ಮೂವರು ಅದನ್ನೇ ಕೊನೆಗೆ ತಳ್ಳಿದರು. ಅದು ಗೋಡೆಯ ಹತ್ತಿರ ಇತ್ತು. ಹೊರಗೆ ಎಳೆದು ತಂದು ಮತ್ತೆ ಕೇಳಿಸಿದಾಗ ಅದು ಮೇಲೆ ಬಂತು. ಹಾಗಾಗಿ ಅದು ಕೆಟ್ಟ ಸ್ಪೀಕರ್ ಅಂತ ನಾನು ಹೇಳುವುದಿಲ್ಲ. ಅದರ ಬೆಲೆ ನೋಡಿಕೊಂಡು ಕೂತಿದ್ದರೆ ಅದರ ಜಾಗ ತಪ್ಪಾಗಿದೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನಗೆ ಮುಖ್ಯ ಅನಿಸಿದ್ದು ಇದು.

ಮನೆಯಲ್ಲಿ ಮಾಡುವುದಾದರೆ ಕೆಲವು ಎಚ್ಚರ ಬೇಕು. ಬಟ್ಟೆ ತೆಳ್ಳಗಿರಲಿ. ಬಾಯಿಗೆ ಹಿಡಿದು ಊದಿದರೆ ಆಚೆ ಕೈಗೆ ಗಾಳಿ ತಾಗಬೇಕು. ಪಾಣಿಪಂಚೆ ಇದಕ್ಕೆ ಹೇಳಿ ಮಾಡಿಸಿದ್ದು, ಬೆಡ್‌ಶೀಟ್ ಬೇಡ, ಮೇಲಿನ ಸ್ವರ ತಿನ್ನುತ್ತದೆ. ಜೋಡಿ ಹಾಕಬೇಡಿ, ಒಂದೊಂದೇ ಪೆಟ್ಟಿಗೆ ಸಾಕು. ಎರಡಿದ್ದರೆ ಧ್ವನಿ ಅಗಲವಾಗಿ ಹರಡಿ ದೋಷ ಮುಚ್ಚಿಕೊಳ್ಳುತ್ತದೆ, ಒಂದೇ ಇದ್ದರೆ ಬಯಲಾಗುತ್ತದೆ. ಸುತ್ತು ಸುತ್ತಿಗೆ ಜಾಗ ಅದಲುಬದಲು ಮಾಡಿ.

ಎಲ್ಲಕ್ಕಿಂತ ದೊಡ್ಡ ಎಚ್ಚರ, ಸದ್ದಿನ ಮಟ್ಟ. ಚೂರೇ ಜೋರಾಗಿರುವುದು ನಮಗೆ ಜೋರು ಅಂತ ಅನಿಸುವುದಿಲ್ಲ, ಚೆನ್ನಾಗಿದೆ ಅಂತ ಅನಿಸುತ್ತದೆ. 1933ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸಿನ ಫ್ಲೆಚರ್ ಮತ್ತು ಮನ್ಸನ್ ತೋರಿಸಿದ್ದಾರೆ, ಸದ್ದು ಕಡಿಮೆಯಾದಂತೆ ನಮ್ಮ ಕಿವಿ ಕೆಳಗಿನ ಸ್ವರಗಳಿಗೆ ಮಂದವಾಗುತ್ತದೆ. ಹಾಗಾಗಿ ಜೋರಾದದ್ದು ತುಂಬಿಕೊಂಡಂತೆ, ಮೆತ್ತಗಾದದ್ದು ಬಡಕಲಾದಂತೆ ಕೇಳುತ್ತದೆ. ಸ್ಪೀಕರುಗಳ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದು, ಬೇರೆ ಬೇರೆ. ಒಂದು 84 ಡೆಸಿಬಲ್, ಇನ್ನೊಂದು 90 ಅಂದರೆ, ಸಮಕ್ಕೆ ತರಲು ಮೊದಲನೆಯದಕ್ಕೆ ನಾಲ್ಕು ಪಟ್ಟು ವ್ಯಾಟ್ ಕೊಡಬೇಕು. ಅಂಗಡಿಯಲ್ಲಿ ವಾಲ್ಯೂಮ್ ಮುಟ್ಟದೆ ಸ್ವಿಚ್ ಒತ್ತಿ ತೋರಿಸಿದರೆ 90ರದು ಗೆಲ್ಲಲೇಬೇಕು. ಪಿಂಕ್ ನಾಯ್ಸ್ ಅಂತ ಸಿಗುತ್ತದೆ, ಜಲಪಾತದ ಹಾಗೆ ಒಂದೇ ಸಮನೆ ಭೋರೆನ್ನುವ ಸದ್ದು. ಅದನ್ನು ಹಾಕಿ, ನೀವು ಕೂರುವ ಜಾಗದಲ್ಲಿ ಮೊಬೈಲ್ ಇಟ್ಟು ಅಳೆದು, ಎರಡನ್ನೂ ಅರ್ಧ ಡೆಸಿಬಲ್ ಒಳಗೆ ಸಮ ಮಾಡಿ. ಮೊಬೈಲಿನ ಅಳತೆ ಪಕ್ಕಾ ಅಲ್ಲ, ಹೋಲಿಸಲಿಕ್ಕೆ ಧಾರಾಳ ಸಾಕು.

ಇನ್ನು ಏನು ಹಾಕಿ ಕೇಳಬೇಕು? ನನಗೆ ಬಹಳ ಇಷ್ಟದ ವಿಷಯ ಇದು.

ಮೊದಲು, ಮನುಷ್ಯರ ಮಾತು. ಬಿಬಿಸಿಯ ಇಂಜಿನಿಯರುಗಳು ಸ್ಟುಡಿಯೋದಲ್ಲಿ ಮಾತಾಡುವವರನ್ನು ನೇರ ಕೇಳಿ, ಪಕ್ಕದ ಕೋಣೆಗೆ ಬಂದು ಸ್ಪೀಕರಿನಲ್ಲಿ ಕೇಳಿ ಹೋಲಿಸುತ್ತಿದ್ದರು. 1970ರ ದಶಕದಲ್ಲಿ ಅವರು ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಇಡಲಿಕ್ಕೆ ಎಲ್ಎಸ್ 3/5ಎ ಅಂತ ಒಂದು ಅಡಿ ಎತ್ತರದ ಪುಟ್ಟ ಸ್ಪೀಕರ್ ಮಾಡಿದರು. ಬೇಸ್ ಕಡಿಮೆ, ಸದ್ದೂ ಕಡಿಮೆ, ಆದರೆ ಮಾತು ಅಂದರೆ ಮಾತು. ಇವತ್ತಿಗೂ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ನಾನು ನಮ್ಮ ಅಮ್ಮನ ಧ್ವನಿ ರೆಕಾರ್ಡ್ ಮಾಡಿದ್ದೇನೆ. ಒಳಗೆ ಅಲ್ಲ, ಅಡಿಕೆ ಅಂಗಳದಲ್ಲಿ, ಗೋಡೆಗಳಿಂದ ದೂರ. ಒಳಗೆ ಮಾಡಿದರೆ ಕೋಣೆಯ ಸದ್ದು ಎರಡು ಸಲ ಸೇರುತ್ತದೆ. ಮಧ್ಯಾಹ್ನ ಊಟ ಆದ ಮೇಲೆ, ಮೊಬೈಲನ್ನು ಒಂದೂವರೆ ಅಡಿ ದೂರದಲ್ಲಿ ಹಿಡಿದು, "ಅಮ್ಮ, ಅಪ್ಪೆಹುಳಿ ಮಾಡುವುದು ಹೇಗೆ ಹೇಳು" ಅಂದೆ. ಅಪ್ಪೆಕಾಯಿ ಬೇಯಿಸಿ, ಕಿವುಚಿ, ನೀರು ಹಾಕಿ, ಉಪ್ಪು, ಆಮೇಲೆ ಸಾಸಿವೆ ಸಿಡಿಸಿ, ಇಂಗು ಹಾಕಿ ಒಗ್ಗರಣೆ. ಈ "ಸಾಸಿವೆ ಸಿಡಿಸಿ" ಇದೆಯಲ್ಲ, ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಇನ್ನೂ ಸಿಕ್ಕಿಲ್ಲ. ಸ ಅಕ್ಷರದ ಉಸಿರು 5,000 ಹರ್ಟ್ಸಿನ ಮೇಲೆ ಹೆಚ್ಚು. ಶ ಅದಕ್ಕಿಂತ ಕೆಳಗೆ, 2,500ರಿಂದ 4,000ದ ಆಸುಪಾಸು. ಬಹಳಷ್ಟು ಸ್ಪೀಕರುಗಳಲ್ಲಿ ದೊಡ್ಡ ಕೋನಿನಿಂದ ಟ್ವೀಟರಿಗೆ, ಅಂದರೆ ಮೇಲಿನ ಸ್ವರ ನುಡಿಸುವ ಪುಟ್ಟ ಭಾಗಕ್ಕೆ, ಕೆಲಸ ಕೈ ಬದಲಾಗುವುದು 2,000-3,000ದ ಹತ್ತಿರ. ಆ ಬೆಸುಗೆ ಸರಿ ಇಲ್ಲದಿದ್ದರೆ ಶ ಮತ್ತು ಸ ಒಂದೇ ಬಾಯಿಂದ ಬಂದಂತೆ ಇರುವುದಿಲ್ಲ. ನಮ್ಮ ಊರಿನ ಹೆಸರೇ ತಗೊಳ್ಳಿ, ಶಿರಸಿ. ಶ ಇದೆ, ಸ ಇದೆ, ನಡುವೆ ರ. ಯಾವ ಅಂಗಡಿಗೆ ಹೋದರೂ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಬಹುದು.

ನನ್ನ ದುಬಾರಿ ಪೆಟ್ಟಿಗೆ ಗೋಡೆಯ ಹತ್ತಿರ ಇದ್ದಾಗ ಅಮ್ಮನಿಗೆ ಗಂಡಸಿನ ಎದೆ ಬಂದಿತ್ತು. ನಾನು ಮಾಡಿದ ಪೆಟ್ಟಿಗೆಯಲ್ಲಿ ಎದೆ ಸರಿ, ಆದರೆ ಸಾಸಿವೆ ನಿಜಕ್ಕೂ ಸಿಡಿಯುತ್ತಿತ್ತು, ಪ್ರತಿ ಸ ಮುಂದೆ ಹಾರಿ ಬರುತ್ತಿತ್ತು. ಆ ಇಂಗ್ಲಿಷ್ ಪೆಟ್ಟಿಗೆಯಲ್ಲಿ ಹಾಕಿದಾಗ ನನ್ನ ತಂಗಿ ಅಡುಗೆಮನೆಯಿಂದ "ಎಂತ ಅಮ್ಮ?" ಅಂತ ಓಗೊಟ್ಟಳು. ಅಲ್ಲಿಗೆ ನನಗೆ ಉತ್ತರ ಸಿಕ್ಕಿತು. ಅಮ್ಮ ಮಾತ್ರ ಯಾವುದನ್ನೂ ಒಪ್ಪಲಿಲ್ಲ. "ಎನ್ನ ಸ್ವರ ಹಿಂಗಿದ್ದಾ?" ಅಂದರು. ಅದು ಸಹಜ. ನಮ್ಮ ಧ್ವನಿ ನಮಗೆ ಮೂಳೆಯ ಮೂಲಕವೂ ಕೇಳುತ್ತದೆ. ಹಾಗಾಗಿ ಮಾತಾಡಿದವರನ್ನು ಕೇಳಬೇಡಿ, ದಿನಾ ಅವರ ಮಾತು ಕೇಳುವವರನ್ನು ಕೇಳಿ.

ಎರಡನೆಯದು ತಂಬೂರಿ. ಬರೀ ತಂಬೂರಿ, ಐದು ನಿಮಿಷ. ಗಂಡಸರ ಶ್ರುತಿಯಲ್ಲಿ ಖರ್ಜದ ತಂತಿ ಸುಮಾರು 70 ಹರ್ಟ್ಸಿನಲ್ಲಿದ್ದರೆ, ಜವಾರಿಯಿಂದ, ಅಂದರೆ ತಂತಿ ಕುದುರೆಯ ಬಾಗಿದ ಮೈಗೆ ಸವರಿಕೊಂಡು ಮಿಡಿಯುವುದರಿಂದ, ಏಳುವ ಮಿನುಗು ಸಾವಿರಾರು ಹರ್ಟ್ಸಿನ ತನಕ ಹೋಗುತ್ತದೆ. ತಂಬೂರಿ, ವೀಣೆಗಳ ಕುದುರೆಯ ಬಾಗಿದ ಮೈಯಿಂದ ಈ ಮೇಲಿನ ಸ್ವರಗಳು ಹೇಗೆ ಇಷ್ಟು ತುಂಬಿಕೊಂಡು ಬರುತ್ತವೆ ಅಂತ ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದಾರೆ. ಅದಕ್ಕೆ ಒಂದು ವರ್ಷ ಮೊದಲು ಮೃದಂಗ, ತಬಲಾದ ಕರಣೆಯ, ಅಂದರೆ ಚರ್ಮದ ಮೇಲಿನ ಕಪ್ಪು ಲೇಪದ, ಬಗ್ಗೆ ಬರೆದಿದ್ದರು. ಒಳ್ಳೆಯ ಸ್ಪೀಕರಿನಲ್ಲಿ ತಂಬೂರಿ ಒಂದು ಮೋಡದ ಹಾಗೆ, ಎಲ್ಲಿಂದ ಶುರು ಎಲ್ಲಿಗೆ ಮುಗಿಯಿತು ಗೊತ್ತಾಗುವುದಿಲ್ಲ. ಕೆಟ್ಟದರಲ್ಲಿ ಯಾವುದೋ ಒಂದು ಸ್ವರ ತಲೆ ಎತ್ತಿ ನಿಲ್ಲುತ್ತದೆ. ಪ್ರತಿ ಸುತ್ತಿನಲ್ಲೂ ಅದೇ ಸ್ವರ ಕಾಡುತ್ತಿದ್ದರೆ ಆ ಪೆಟ್ಟಿಗೆ ಬಿಟ್ಟುಬಿಡಿ. ಮೊದಲ ದಿನ ಚುರುಕು ಅನಿಸುತ್ತದೆ, ತಿಂಗಳಲ್ಲಿ ತಲೆನೋವು ಬರುತ್ತದೆ.

ಮೂರನೆಯದಾಗಿ ನಿಮಗೆ ಬಾಯಿಪಾಠ ಆದ ಗಾಯನ. ನನಗೆ ಮಲ್ಲಿಕಾರ್ಜುನ ಮನ್ಸೂರರು. ನಾವು ಧಾರವಾಡ ಆಕಾಶವಾಣಿ ಕೇಳಿಯೇ ಬೆಳೆದದ್ದು. ಅವರು ಉಸಿರು ಎಲ್ಲಿ ತಗೊಳ್ಳುತ್ತಾರೆ ಅನ್ನುವುದೂ ನನಗೆ ಗೊತ್ತು. ಆ ಉಸಿರು ಕೇಳಿಸಬೇಕು, ಆದರೆ ಎತ್ತಿ ತೋರಿಸಬಾರದು. ಯಕ್ಷಗಾನದ ರೆಕಾರ್ಡಿಂಗ್ ಹಾಕಬಹುದಾ ಅಂತ ಕೇಳಿದ್ದಾರೆ. ಚಂಡೆಯ ಪೆಟ್ಟು ಒಳ್ಳೆಯ ಪರೀಕ್ಷೆಯೇ, ಸಣ್ಣ ಸ್ಪೀಕರುಗಳು ಅಲ್ಲಿ ದಣಿಯುತ್ತವೆ. ಆದರೆ ನಮ್ಮಲ್ಲಿರುವ ಹೆಚ್ಚಿನವು ಆಟದ ಬಯಲಿನಲ್ಲಿ, ಹಾರ್ನ್ ಸ್ಪೀಕರಿನ ಎದುರು ಹಿಡಿದವು. ಅಲ್ಲಿ ಮೊದಲೇ ಒಡೆದ ಧ್ವನಿಗೆ ನಿಮ್ಮ ಸ್ಪೀಕರನ್ನು ದೂರುವುದು ನ್ಯಾಯ ಅಲ್ಲ.

ಪೆಟ್ಟಿಗೆಯ ಮರದ ಬಗ್ಗೆ ಒಂದು ಮಾತು. ನಮ್ಮವರು ಹಲಸಿನ ಮರ, ಸಾಗವಾನಿ ಅಂದರೆ ಮರುಳಾಗುತ್ತಾರೆ. ವೀಣೆಗೆ, ಮೃದಂಗಕ್ಕೆ ಹಲಸು ಬೇಕು, ಯಾಕೆಂದರೆ ಅಲ್ಲಿ ಮರ ಹಾಡಬೇಕು. ಸ್ಪೀಕರ್ ವಾದ್ಯ ಅಲ್ಲ. ಅದರ ಪೆಟ್ಟಿಗೆ ಹಾಡಿದರೆ ಮನ್ಸೂರರ ಧ್ವನಿಗೂ ತನ್ನ ಸ್ವರ ಸೇರಿಸುತ್ತದೆ. ಬೆರಳ ಗಂಟಿನಿಂದ ತಟ್ಟಿ ನೋಡಿ. ಹಣ್ಣಾದ ಹಲಸಿನಕಾಯಿ ತಟ್ಟಿದಂತೆ ಡೊಬ್ ಅಂದರೆ ಅನುಮಾನ ಪಡಿ, ಕಲ್ಲಿಗೆ ಬಡಿದಂತೆ ಟಕ್ ಅಂದರೆ ಒಳ್ಳೆಯದು. ದುಬಾರಿ ಸ್ಪೀಕರಿನಲ್ಲಿ ನಿಮ್ಮ ದುಡ್ಡು ಹೋಗುವುದು ಹೆಚ್ಚಾಗಿ ಈ ಗಟ್ಟಿತನಕ್ಕೆ, ಒಳಗಿನ ಅಡ್ಡಪಟ್ಟಿಗಳಿಗೆ, ಇನ್ನೂ ಕೆಳಗಿನ ಬೇಸಿಗೆ, ಆಮೇಲೆ ಮೇಲಿನ ಪಾಲಿಷಿಗೆ. ನನ್ನ ಅಭಿಪ್ರಾಯ ಕೇಳಿದರೆ, 12ಕ್ಕೆ 14 ಅಡಿಯ ಕೋಣೆಗೆ ದೊಡ್ಡ ಪೆಟ್ಟಿಗೆ ಬೇಡವೇ ಬೇಡ. ಒಳ್ಳೆಯ ಸಣ್ಣ ಜೋಡಿ, ಗಟ್ಟಿ ಸ್ಟ್ಯಾಂಡು ಸಾಕು. ತಂತಿಗೆ ಸಾವಿರಗಟ್ಟಲೆ ಹಾಕಬೇಡಿ. ಐದು ಮೀಟರ್ ಒಳಗೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಧಾರಾಳ ಆಯಿತು.

ಕಾರವಾರದಿಂದ ಬಂದವರೊಬ್ಬರು ಕಡಲ ಗಾಳಿಯ ಬಗ್ಗೆ ಕೇಳಿದರು. ಅದು ನಿಜವಾದ ಚಿಂತೆ. ಉಪ್ಪು ಗಾಳಿಗೆ ಸ್ಪೀಕರಿನ ಹಿಂದಿನ ಟರ್ಮಿನಲ್ ಕಿಲುಬು ಹಿಡಿಯುತ್ತದೆ, ಒಂದು ಪಕ್ಕ ಕರಕರ ಅನ್ನಲು ಶುರುವಾಗುತ್ತದೆ. ಚಿನ್ನದ ಲೇಪ ಇರುವುದು ತಗೊಳ್ಳಿ, ಮಳೆಗಾಲದ ಮೊದಲು, ಆಮೇಲೆ, ವೈರಿನ ತುದಿ ಕತ್ತರಿಸಿ ಹೊಸದಾಗಿ ಹಾಕಿ. ಕೋನಿನ ಸುತ್ತ ಇರುವ ಬಳೆ ನೋಡಿ, ಅದು ಸ್ಪಂಜಿನದಾದರೆ ನಮ್ಮ ಥಂಡಿ ಹವೆಗೆ ಹತ್ತು ಹದಿನೈದು ವರ್ಷದಲ್ಲಿ ಪುಡಿಯಾಗುತ್ತದೆ. ನನ್ನ ಅಂಗಡಿಗೆ ಬಂದವುಗಳಲ್ಲಿ ಬೆರಳು ತಾಗಿಸಿದರೆ ಉದುರುತ್ತಿದ್ದವು ಎಷ್ಟೋ. ರಬ್ಬರಿನದ್ದು ಬಾಳುತ್ತದೆ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆಯ, ಪೆಟ್ಟಿಗೆಯ ತಳವನ್ನು ನೆಲಕ್ಕೆ ತಾಗಿಸಬೇಡಿ, ನೆಲದ ಪಸೆ ಕುಡಿದು ಉಬ್ಬುತ್ತದೆ. ಘಟ್ಟದ ಮೇಲೆ ನಮಗೆ ಉಪ್ಪಿಲ್ಲ, ಬೂಷ್ಟು ಇದೆ. ಆಷಾಢದಲ್ಲಿ ದಿನಾ ಅರ್ಧ ಗಂಟೆಯಾದರೂ ಹಾಡು ಹಾಕಿ. ಸಿಡಿಲು ಬರುವಾಗ ಮಾತ್ರ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಕೊಳ್ಳುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ: ಮನೆಗೆ ಒಯ್ದು ನಾಲ್ಕು ದಿನ ಕೇಳಿ ತರುತ್ತೇನೆ, ಬಿಡುತ್ತೀರಾ? ಡಿಪಾಸಿಟ್ ಇಡಿ, ಬಾಡಿಗೆ ಗಾಡಿಯ ಖರ್ಚು ನೀವೇ ಕೊಡಿ. ಹುಬ್ಬಳ್ಳಿಯಿಂದ ತಂದು ವಾಪಸ್ ಒಯ್ದರೂ ನಷ್ಟ ಇಲ್ಲ. ಒಪ್ಪದಿದ್ದರೆ, ಊರಿನಲ್ಲಿ ಯಾರ ಮನೆಯಲ್ಲಿ ಅದು ಇದೆ ಹುಡುಕಿ. ನಾವು 30 ಮಂದಿ ಇದ್ದೇವೆ, ಒಬ್ಬರದು ಒಬ್ಬರು ಎರವಲು ಕೊಡೋಣ. ನನ್ನ ಮೂರೂ ಪೆಟ್ಟಿಗೆ ಯಾರು ಬೇಕಾದರೂ ಒಯ್ಯಬಹುದು.

ಸರಿ, ಈಗ ತೆರೆಯ ಹತ್ತಿರ ಬರೋಣ. ನಿಮಗೆಲ್ಲ ಒಂದೊಂದು ಹಾಳೆ ಕೊಟ್ಟಿದೆ, ಅದರಲ್ಲಿ ಅ, ಬ, ಕ ಅಂತ ಮೂರು ಮನೆ ಇದೆ. ಒಂದು ಸಲಕ್ಕೆ ಐದು ಮಂದಿ ಮುಂದೆ ಬನ್ನಿ, ಕುರ್ಚಿಗಳು ಹಿಂದಿನ ಗೋಡೆಯಿಂದ ಮುಂದೆಯೇ ಇವೆ, ಸರಿಸಬೇಡಿ. ಬರೆಯುವಾಗ ಪಕ್ಕದವರ ಹಾಳೆ ನೋಡುವುದು ಬೇಡ, ಅವರ ಮುಖವನ್ನೂ ನೋಡುವುದು ಬೇಡ. ಉಳಿದವರಿಗೆ ಕೆಳಗೆ ಕುಡಿಯಲಿಕ್ಕೆ ಆಸರಿಗೆ ಇಟ್ಟಿದ್ದಾರೆ. ತಂಗೀ, ಫ್ಯಾನ್ ಆಫ್ ಮಾಡು. ಮೊದಲು ಅಮ್ಮನ ಅಪ್ಪೆಹುಳಿ ಹಾಕು.